ಸ್ಮಿತ್ ಕೋರ್ಟಿನ ಹಿತ್ತಲಲ್ಲಿ ಸಿಕ್ಕ ತಟ್ಟೆಗಳು

ಬಾಸ್ಟನ್ ನಗರದ ಬೀಕನ್ ಹಿಲ್ ಗುಡ್ಡಕ್ಕೆ ಎರಡು ಮಗ್ಗುಲು. ದಕ್ಷಿಣದಲ್ಲಿ ಸಿರಿವಂತರ ಮಹಡಿಮನೆಗಳಿದ್ದವು. ಅವರ ಬಟ್ಟೆ ಒಗೆಯುವ, ಅಡುಗೆ ಮಾಡುವ, ಗಡ್ಡ ಬೋಳಿಸುವ ಜನ ಉತ್ತರದಲ್ಲಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ನಗರದ ಸ್ವತಂತ್ರ ಕರಿಯ ಕುಟುಂಬಗಳು ಹೆಚ್ಚಾಗಿ ನೆಲೆಸಿದ್ದು ಈ ಉತ್ತರದ ಇಳಿಜಾರಿನಲ್ಲಿ. ಅಲ್ಲಿನ ಸ್ಮಿತ್ ಕೋರ್ಟ್ ಎಂಬ ಕಿರುಗಲ್ಲಿಯಲ್ಲಿ ಆಫ್ರಿಕನ್ ಮೀಟಿಂಗ್ ಹೌಸ್ ಎಂಬ ಇಟ್ಟಿಗೆ ಕಟ್ಟಡವಿದೆ. 1973ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಕಟ್ಟಡ ತೀವ್ರವಾಗಿ ಘಾಸಿಗೊಂಡಿತು.

ಬಾಸ್ಟನ್ನಿನ ಕರಿಯರ ಚರಿತ್ರೆಯನ್ನು ಉಳಿಸಲು 1960ರ ದಶಕದಲ್ಲಿ ಊರಿನವರೇ ಹುಟ್ಟುಹಾಕಿದ ಒಂದು ಮ್ಯೂಸಿಯಂ ಬೆಂಕಿಯ ಹಿಂದಿನ ವರ್ಷವಷ್ಟೇ ಈ ಕಟ್ಟಡವನ್ನು ಕೊಂಡುಕೊಂಡಿತ್ತು. ಕೈಯಲ್ಲಿ ಹಣ ಕಡಿಮೆ, ಕೊಂಡ ಆಸ್ತಿ ಸುಟ್ಟುಹೋಗಿದೆ. ಅಂಥ ಹೊತ್ತಿನಲ್ಲಿ ಯಾರಾದರೂ ಮೊದಲು ಸೂರಿನ ಲೆಕ್ಕ ಹಾಕುತ್ತಾರೆ. ಬೈರನ್ ರಶಿಂಗ್ ಮುಂದಾಳತ್ವದ ಈ ಸಂಸ್ಥೆ ಸೂರಿನ ಜೊತೆಗೆ ನೆಲದ ಬಗ್ಗೆಯೂ ಯೋಚಿಸಿತು. ಜೀರ್ಣೋದ್ಧಾರವೆಂದರೆ ಹಾರೆ, ಗುದ್ದಲಿ, ಸಿಮೆಂಟು. ಅವು ಒಮ್ಮೆ ನೆಲಕ್ಕೆ ಇಳಿದರೆ ಅಡಿಯಲ್ಲಿ ಇದ್ದದ್ದು ಕಲಸಿಹೋಗುತ್ತದೆ. ಅದಕ್ಕೆ ಮುಂಚೆಯೇ ಪುರಾತತ್ವದ ಕೆಲಸ ಆಗಬೇಕೆಂದು ಅವರು ಪಟ್ಟುಹಿಡಿದರು. 1970ರ ದಶಕದ ನಡುವಿನಿಂದ ಬೆತ್ ಆನ್ ಬೌವರ್ ಅಲ್ಲಿ ಅಗೆತ ನಡೆಸಿದರು. ಮುಂದೆ ಇನ್ನೊಂದು ಸುತ್ತಿನ ಕಾಮಗಾರಿ ಬಂದಾಗ, 2005ರಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬಾಸ್ಟನ್ ಶಾಖೆಯ ಡೇವಿಡ್ ಲ್ಯಾಂಡನ್ ತಂಡ ಹಿತ್ತಲನ್ನು ವಿಸ್ತಾರವಾಗಿ ಅಗೆಯಿತು.

ಕಟ್ಟಡದ ಬಗ್ಗೆ ಕಾಗದದಲ್ಲಿ ಏನೂ ಇರಲಿಲ್ಲ ಎಂದಲ್ಲ. ಬಿಳಿಯರ ಚರ್ಚುಗಳಲ್ಲಿ ಸಮನಾದ ಜಾಗ ಸಿಗದ ಕರಿಯ ಬ್ಯಾಪ್ಟಿಸ್ಟರು ಥಾಮಸ್ ಪಾಲ್ ಎಂಬ ಪಾದ್ರಿಯ ಜೊತೆ ಸೇರಿ 1805ರಲ್ಲಿ ತಮ್ಮದೇ ಸಭೆ ಕಟ್ಟಿಕೊಂಡರು. ಆಫ್ರಿಕಾದಲ್ಲೇ ಹುಟ್ಟಿದ್ದ ಕೇಟೊ ಗಾರ್ಡ್ನರ್ 1,500 ಡಾಲರ್ ಚಂದಾ ಎತ್ತಿದರು. ಬಹುಪಾಲು ಕರಿಯ ಕೆಲಸಗಾರರೇ ದುಡಿದು 1806ರಲ್ಲಿ ಕಟ್ಟಡ ಎಬ್ಬಿಸಿದರು. ಆ ಡಿಸೆಂಬರಿನ ಪ್ರತಿಷ್ಠಾಪನೆಯ ದಿನ ಕೆಳಗಿನ ಆಸನಗಳನ್ನು ಬಿಳಿಯ ದಾನಿಗಳಿಗೆ ಮೀಸಲಿಟ್ಟು, ಕಟ್ಟಿದವರು ಮೇಲಿನ ಬಾಲ್ಕನಿಯಲ್ಲಿ ಕೂತರು. ಪಂಕ್ತಿಭೇದ ಕಂಡುಂಡ ನಾಡಿನವರಾದ ನಮಗೆ ಈ ಒಂದು ವಿವರ ಸಾಕು, ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. 1832ರ ಜನವರಿ 6ರಂದು ವಿಲಿಯಂ ಲಾಯ್ಡ್ ಗ್ಯಾರಿಸನ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡಿನ ಗುಲಾಮಗಿರಿ ವಿರೋಧಿ ಸಂಘವನ್ನು ಸ್ಥಾಪಿಸಿದ್ದು ಇಲ್ಲೇ. 1860ರ ಡಿಸೆಂಬರಿನಲ್ಲಿ ಟ್ರೆಮಾಂಟ್ ಟೆಂಪಲ್ ಸಭಾಂಗಣದ ಗುಲಾಮಗಿರಿ ವಿರೋಧಿ ಸಭೆಯನ್ನು ಪುಂಡರ ಗುಂಪು ಕೆಡಿಸಿದಾಗ, ಆ ಹೋರಾಟದ ಕರಿಯ ಮುಂದಾಳು ಫ್ರೆಡರಿಕ್ ಡಗ್ಲಸ್ ಆ ರಾತ್ರಿ ಮಾತಾಡಿದ್ದೂ ಇಲ್ಲೇ.

ಆದರೆ ಇವೆಲ್ಲ ವೇದಿಕೆಯ ಚರಿತ್ರೆ, ಭಾಷಣ ಮಾಡಿದವರ ಚರಿತ್ರೆ. ವಾರದ ಉಳಿದ ದಿನಗಳಲ್ಲಿ ಆ ಕಟ್ಟಡದಲ್ಲಿ ಯಾರಿದ್ದರು, ಏನು ಉಂಡರು, ಹೇಗೆ ಸಂಪಾದಿಸಿದರು ಎಂಬುದು ಕಾಗದದಲ್ಲಿ ಎಳೆಎಳೆಯಾಗಿ ಮಾತ್ರ ಉಳಿದಿತ್ತು. ತೆರಿಗೆ ಪಟ್ಟಿಯಲ್ಲಿ ಒಂದು ಹೆಸರು, ಊರಿನ ಡೈರೆಕ್ಟರಿಯಲ್ಲಿ ಕರಿಯರಿಗೆಂದೇ ಬೇರೆ ಮಾಡಿದ ಪುಟಗಳಲ್ಲಿ ಇನ್ನೊಂದು, ಅಷ್ಟೆ. ಬರೆದವರು ಹೆಚ್ಚಾಗಿ ಹೊರಗಿನವರು.

ಅಗೆದವರಿಗೆ ಸಿಕ್ಕದ್ದು ನಿಧಿಯಲ್ಲ. ಹಿತ್ತಲಿನ ಕಕ್ಕಸು ಗುಂಡಿ ಮತ್ತು ಅದರ ಸುತ್ತಮುತ್ತ ಎಸೆದ ಕಸ. ಪೌರಕಾರ್ಮಿಕರ ಗಾಡಿ ಬಾರದ ಕಾಲದಲ್ಲಿ ಒಡೆದ ತಟ್ಟೆ, ಮೂಳೆ, ಬಾಟಲಿ ಎಲ್ಲವೂ ಅಲ್ಲಿಗೇ ಹೋಗುತ್ತಿದ್ದವು. ಪುರಾತತ್ವದವರಿಗೆ ಇಂಥ ಗುಂಡಿಗಿಂತ ಒಳ್ಳೆಯ ದಾಖಲೆ ಇಲ್ಲ. ಪದರ ಪದರವಾಗಿ ಮಣ್ಣು ತೆಗೆಯಬೇಕು, ಪ್ರತಿ ಪದರದ ಮಣ್ಣನ್ನೂ ಜರಡಿ ಹಿಡಿಯಬೇಕು, ಬೀಜ ಮತ್ತು ಮೀನಿನ ಮುಳ್ಳಿನಷ್ಟು ಸಣ್ಣದಕ್ಕೂ ಚೀಟಿ ಕಟ್ಟಬೇಕು. 2005ರ ಅಗೆತವೊಂದರಲ್ಲೇ ಸುಮಾರು 38,000 ವಸ್ತುಗಳು ಸಿಕ್ಕವು.

ಅವುಗಳಲ್ಲಿ ಪಿಂಗಾಣಿ ಚೂರುಗಳು ಕಾಲ ಹೇಳುವ ಗಡಿಯಾರ. ಇಂಗ್ಲೆಂಡಿನ ಕಾರ್ಖಾನೆಗಳು 1760ರ ದಶಕದಿಂದ ಕೆನೆಬಣ್ಣದ ತಟ್ಟೆಗಳನ್ನು ಅಮೆರಿಕಕ್ಕೆ ಕಳಿಸತೊಡಗಿದವು. 1780ರ ಸುಮಾರಿಗೆ ನೀಲಿ ಛಾಯೆಯ ಬಿಳಿ ತಟ್ಟೆ ಬಂತು, ಅದರ ಮೇಲೆ ನೀಲಿ ಚಿತ್ರ ಅಚ್ಚೊತ್ತುವ ಕಲೆಯೂ ಬಂತು. ಕೆಂಪು, ಹಸಿರು, ಕಂದು ಬಣ್ಣದ ಅಚ್ಚು ಮಾರುಕಟ್ಟೆ ತುಂಬಿದ್ದು 1820ರ ದಶಕದ ಕೊನೆಯ ಮೇಲೆ. ಹಾಗಾಗಿ ಒಂದು ಪದರದಲ್ಲಿ ಉಗುರಿನಷ್ಟು ಕೆಂಪು ಅಚ್ಚಿನ ಚೂರು ಸಿಕ್ಕರೂ ಸಾಕು, ಆ ಪದರ ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಅತ್ಯಂತ ಹೊಸ ಚೂರು ಯಾವುದೋ ಅದೇ ಪದರದ ವಯಸ್ಸಿನ ಒಂದು ಗಡಿ.

ಲೆಕ್ಕ ಹಾಕುತ್ತ ಹೋದಂತೆ ಒಂದು ಪ್ರಶ್ನೆ ಎದ್ದಿತು. ತಟ್ಟೆ, ಬಟ್ಟಲು, ಬಡಿಸುವ ಪಾತ್ರೆಗಳ ಚೂರು ಒಂದು ಸಂಸಾರ ಬಳಸಿ ಒಡೆಯುವುದಕ್ಕಿಂತ ಬಹಳ ಹೆಚ್ಚಾಗಿತ್ತು. ಚರ್ಚಿನಲ್ಲಿ ಇಷ್ಟೊಂದು ಊಟದ ಸಾಮಾನು ಯಾಕೆ? ಉತ್ತರ ಕಾಗದದಲ್ಲಿ ಇತ್ತು. 1820ರ ದಶಕದಲ್ಲಿ ಆ ಕಟ್ಟಡದ ನೆಲಮಾಳಿಗೆಯ ಒಂದು ಭಾಗದಲ್ಲಿ ಡೊಮಿಂಗೊ ವಿಲಿಯಮ್ಸ್ ಎಂಬ ಕರಿಯ ಗೃಹಸ್ಥ ವಾಸವಿದ್ದ. ಔತಣಗಳಿಗೆ ಅಡುಗೆ, ಬಡಿಸುವಿಕೆ, ಏರ್ಪಾಟು ಒಪ್ಪಿಕೊಳ್ಳುವುದು ಅವನ ಕಸುಬು. ನಮ್ಮಲ್ಲಿ ಅಡುಗೆ ಕಾಂಟ್ರಾಕ್ಟ್ ಹಿಡಿಯುವವರ ಮನೆಯಲ್ಲಿ ಲೋಟ ತಟ್ಟೆಗಳ ರಾಶಿ ಇರುವ ಹಾಗೆ ಅವನಲ್ಲೂ ಇದ್ದಿರಬೇಕು. ಚರ್ಚಿನ ಜನ ಸೇರಿ ಉಣ್ಣುತ್ತಿದ್ದ ಊಟಗಳಿಗೂ ಅವೇ ತಟ್ಟೆಗಳು ಒದಗಿರಬಹುದು ಎಂದು ಸಂಶೋಧಕರು ಓದಿಕೊಂಡರು.

ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇದು. ಬಿಳಿಯರ ಮನೆಯಲ್ಲಿ ಬಡಿಸುವುದನ್ನು ಕೀಳು ಚಾಕರಿ ಎಂದಷ್ಟೇ ಓದಿದ್ದೆವು. ಅದೇ ನೆಲಮಾಳಿಗೆಯ ಶಾಲೆಯಲ್ಲಿ ಓದಿದ ವಿಲಿಯಂ ಕೂಪರ್ ನೆಲ್ ಎಂಬ ಹುಡುಗ 1829ರಲ್ಲಿ, ಜಾಣ ವಿದ್ಯಾರ್ಥಿಗಳಿಗೆ ನಗರ ಕೊಡುತ್ತಿದ್ದ ಫ್ರಾಂಕ್ಲಿನ್ ಪದಕಕ್ಕೆ ಅರ್ಹನಾಗಿದ್ದ. ಬಿಳಿಯ ಮಕ್ಕಳಿಗೆ ಪದಕವೂ ಫ್ಯಾನ್ಯೂಲ್ ಹಾಲಿನಲ್ಲಿ ಔತಣವೂ ದೊರೆತವು, ನೆಲ್‌ಗೆ ಫ್ರಾಂಕ್ಲಿನ್ನನ ಜೀವನಚರಿತ್ರೆಯ ಪುಸ್ತಕ ಮಾತ್ರ. ಆ ಔತಣಕ್ಕೆ ಅವನು ಹೋದದ್ದು ಬಡಿಸುವವನೊಬ್ಬನ ಸಹಾಯಕನಾಗಿ. ಆ ಗಾಯ ಮಾಯಲಿಲ್ಲ. ದೊಡ್ಡವನಾದ ಮೇಲೆ ಅವನು ಶಾಲೆಗಳ ಬಣ್ಣಭೇದದ ವಿರುದ್ಧ ವರ್ಷಗಟ್ಟಲೆ ಹೋರಾಡಿದ. 1855ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿ ಆ ಭೇದವನ್ನು ತೆಗೆದುಹಾಕಿತು. ಬಡಿಸುವ ಕೆಲಸದ ಅವಮಾನ ನೆಲ್‌ನ ಕತೆಯಲ್ಲಿದೆ. ಅದೇ ಕೆಲಸವನ್ನು ಬಂಡವಾಳವಾಗಿ ಮಾಡಿಕೊಂಡು ತನ್ನ ಹೆಸರಿನಲ್ಲಿ ಉದ್ಯಮ ನಡೆಸಿದವನ ಸುಳಿವು ಹಿತ್ತಲ ಮಣ್ಣಿನಲ್ಲಿದೆ. ಎರಡೂ ಒಂದೇ ನೆಲಮಾಳಿಗೆಯವು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳದೆ ಆ ಸಮುದಾಯ ಅರ್ಥವಾಗುವುದಿಲ್ಲ. ಹಕ್ಕಿನ ಭಾಷಣಕ್ಕೆ ಸಭೆ ಬೇಕು, ಸಭೆಗೆ ಕಟ್ಟಡ ಬೇಕು, ಕಟ್ಟಡಕ್ಕೆ ದುಡ್ಡು ಬೇಕು. ಆ ದುಡ್ಡಿನ ಒಂದು ಪಾಲು ಇಂಥ ಕಸುಬುದಾರರ ಕೈಯಿಂದ ಬಂದಿತ್ತೆಂದು ನಂಬಲು ಈಗ ಕಾರಣವಿದೆ.

ಪಕ್ಕದಲ್ಲೇ ಕರಿಯ ಬಾಡಿಗೆದಾರರಿದ್ದ ಒಂದು ಮನೆಯಿತ್ತು. ಅವರ ಕಸವೂ ಇದೇ ಅಗೆತದಲ್ಲಿ ಹೊರಬಂತು. ಲ್ಯಾಂಡನ್ ಪ್ರಾಣಿಗಳ ಮೂಳೆ ಓದುವುದರಲ್ಲಿ ಪಳಗಿದವರು. ಅವರೂ ಸಹೋದ್ಯೋಗಿಗಳೂ ಈ ಎರಡು ಕಡೆಯ ವಸ್ತುಗಳನ್ನು ಅಕ್ಕಪಕ್ಕ ಇಟ್ಟು, ನೆಲೆ ಕಂಡುಕೊಳ್ಳುವ, ಸಂಪಾದನೆಗೆ ದಾರಿ ಮಾಡಿಕೊಳ್ಳುವ, ಸಂಸ್ಥೆ ಕಟ್ಟುವ ಒಂದು ಸಮುದಾಯದ ಪ್ರಯತ್ನವನ್ನು ಅವುಗಳಲ್ಲಿ ಕಂಡರು.

ಇತ್ತ ಕಟ್ಟಡದ ಕೆಲಸ ದಶಕಗಳ ಕಾಲ ಹಂತ ಹಂತವಾಗಿ ಸಾಗಿತು. ದುರಸ್ತಿ ಮಾಡುವವರಿಗೆ ಎದುರಾದ ಅತಿ ಕಷ್ಟದ ಪ್ರಶ್ನೆ ಮರ, ಗಾರೆಯದಲ್ಲ, ಯಾವ ಕಾಲದ ರೂಪಕ್ಕೆ ಮರಳಿಸಬೇಕು ಎಂಬುದು. 1806ರ ಕಟ್ಟಡವನ್ನು ಸಭೆಯವರೇ 1850ರ ದಶಕದಲ್ಲಿ ಒಳಗೆ ಮಾರ್ಪಡಿಸಿದ್ದರು. ಶತಮಾನದ ಕೊನೆಗೆ ಅವರು ನಗರದ ಸೌತ್ ಎಂಡ್ ಬಡಾವಣೆಯ ಕಡೆಗೆ ಹೋದ ಮೇಲೆ, 1904ರಿಂದ ಅದು ಯೆಹೂದಿ ವಲಸಿಗರ ಸಿನಗಾಗ್ ಆಗಿತ್ತು. ಮ್ಯೂಸಿಯಂ ಕೊಳ್ಳುವವರೆಗೂ ಅಲ್ಲಿ ಅವರ ಪ್ರಾರ್ಥನೆ ನಡೆದಿತ್ತು. ಕೊನೆಗೆ 1855ರ ರೂಪವನ್ನು ಆರಿಸಿಕೊಂಡರು. ಕಟ್ಟಡ 2011ರ ಡಿಸೆಂಬರಿನಲ್ಲಿ, ಮೊದಲ ಪ್ರತಿಷ್ಠಾಪನೆಯ 205ನೇ ವರ್ಷಕ್ಕೆ, ಜನರಿಗೆ ತೆರೆಯಿತು. ಆ ಆಯ್ಕೆ ಸರಿಯಾದದ್ದೇ ಎಂದು ನನ್ನ ಎಣಿಕೆ. ಗುಲಾಮಗಿರಿ ವಿರೋಧಿ ಹೋರಾಟ ಉಕ್ಕಿ ಹರಿದ ವರ್ಷಗಳು ಅವು, ನೆಲ್ ಗೆದ್ದ ವರ್ಷವೂ ಅದೇ. ಆದರೂ ಒಂದು ಕಾಲವನ್ನು ಆರಿಸಿದರೆ ಉಳಿದ ಕಾಲಗಳು ಗೋಡೆಯಿಂದ ಮರೆಯಾಗುತ್ತವೆ. ಏಳು ದಶಕದ ಸಿನಗಾಗ್ ಒಳಾಂಗಣದಲ್ಲಿ ಈಗ ಕಾಣಸಿಗುವುದು ಕಷ್ಟ. ಅಗೆತದಲ್ಲಿ ಆ ನಿರ್ಬಂಧ ಇಲ್ಲ, ಯಾವ ಪದರವನ್ನೂ ಬಿಡದೆ ದಾಖಲಿಸಬಹುದು. ಸೂರು ಹಾಕುವ ಮೊದಲೇ ನೆಲವನ್ನು ಓದಿದ ಆ ಸಣ್ಣ ಸಂಸ್ಥೆಯಿಂದಾಗಿ ಕಟ್ಟಡದಲ್ಲಿ ಕಾಣದ ವರ್ಷಗಳೂ ಇಂದು ಚೀಟಿ ಕಟ್ಟಿದ ಚೀಲಗಳಲ್ಲಿ ಸಂಶೋಧಕರಿಗೆ ಸಿಗುತ್ತಿವೆ.