ಕುಮಾರಪರ್ವತಕ್ಕೆ ಹೋದ ಹನ್ನೊಂದು ಮಂದಿ

ಚಳಿಗಾಲ ಬಂದೊಡನೆ ಮಿತ್ರರೆಲ್ಲರೂ ಕೂಡಿ ಬೆಟ್ಟ ಹತ್ತಬೇಕೆಂಬ ಮಾತು ಏಳುವುದು ನಮ್ಮಲ್ಲಿ ವಾಡಿಕೆ. ಕಾಫಿಯ ಲೋಟಗಳು ಬರಿದಾಗುವಷ್ಟರಲ್ಲಿ ಹೋಗತಕ್ಕ ದಿನ, ಹೋಗತಕ್ಕವರು, ಕಟ್ಟಿಕೊಳ್ಳತಕ್ಕ ಬುತ್ತಿ ಎಲ್ಲವೂ ನಿಶ್ಚಯವಾಗಿಬಿಡುತ್ತದೆ. ಯಾವ ಕೆಲಸ ಯಾರದು ಎಂಬುದೊಂದು ಮಾತ್ರ ನಿಶ್ಚಯವಾಗದೆ ಉಳಿಯುವುದು. ಈ ಒಂದು ಉಳಿಕೆಯಿಂದ ನಮಗೊದಗಿದ ಅವಸ್ಥೆಯನ್ನು ವಾಚಕರ ಮುಂದೆ ಇಡಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆವು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನೋ ಆಗುತ್ತದೆ. ನಮ್ಮ ನಾಚಿಕೆಯಿಂದ ಇನ್ನೊಂದು ಮನೆಯವರಿಗೆ ಉಪಕಾರವಾಗುವುದಾದರೆ ಆಗಲಿ.

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿಬಂದವರಿಗೆ ಕುಮಾರಪರ್ವತದ ಹೆಸರು ಹೊಸದಲ್ಲ. ದಕ್ಷಿಣ ಕನ್ನಡಕ್ಕೂ ಕೊಡಗಿಗೂ ನಡುವಣ ಎಲ್ಲೆಯಲ್ಲಿ, ಪುಷ್ಪಗಿರಿ ವನ್ಯಧಾಮದೊಳಗೆ, ಅದು ೧೭೧೨ ಮೀಟರು, ಎಂದರೆ ಹಳೆಯ ಲೆಕ್ಕದಲ್ಲಿ ೫೬೦೦ ಅಡಿಗಳಿಗೂ ಮಿಕ್ಕಿ ಎದ್ದು ನಿಂತಿದೆ. ಮುಳ್ಳಯ್ಯನಗಿರಿಯು ಇದಕ್ಕಿಂತ ಎತ್ತರವಾದುದೇ ಸರಿ. ಆದರೆ ಅಲ್ಲಿ ಎತ್ತರದ ಬಹುಪಾಲನ್ನು ಮೋಟಾರೇ ಹತ್ತಿಕೊಡುತ್ತದೆ. ಇಲ್ಲಿಯಾದರೋ ತಗ್ಗಿನ ಸೀಮೆಯಿಂದ ಹೊರಟು, ಹೆಚ್ಚುಕಡಿಮೆ ಅಷ್ಟನ್ನೂ ಕಾಲಿನಿಂದಲೇ ಅಳೆಯಬೇಕು. ಕುಕ್ಕೆಯ ಕಡೆಯಿಂದ ಶಿಖರಕ್ಕೆ ಸುಮಾರು ೧೨–೧೩ ಕಿಲೋಮೀಟರು. ಮೊದಲ ಭಾಗವು ದಟ್ಟವಾದ ಕಾಡು. ಮರದ ಬೇರುಗಳೇ ಮೆಟ್ಟಿಲು. ಭೀಮನ ಬಂಡೆಯನ್ನು ದಾಟಿ ಬಹುದೂರ ಏರಿದ ಮೇಲೆ ಕಾಡು ಮುಗಿದು ಗಿರಿಗದ್ದೆ. ಅಲ್ಲಿಂದ ಮುಂದೆ ಹುಲ್ಲಿನ ಬೋಳು ಬೆಟ್ಟ. ಬಿಸಿಲೇರಿದರೆ ತಲೆಯ ಮೇಲೆ ಎಲೆಯಷ್ಟು ನೆರಳೂ ಸಿಕ್ಕದು. ಕಲ್ಲುಮಂಟಪವೆಂಬ ಸಣ್ಣ ಮಂಟಪದಲ್ಲಿ ದಣಿವಾರಿಸಿಕೊಂಡು ಶೇಷಪರ್ವತವನ್ನು ಹತ್ತಿ, ಮತ್ತೆ ಇಳಿದು, ಒಂದು ತುಂಡು ಕಾಡನ್ನೂ ಒಂದು ಕಡಿದಾದ ಬಂಡೆಯನ್ನೂ ಕಳೆದರೆ ಶಿಖರ. ಸೋಮವಾರಪೇಟೆಯ ಕಡೆಯ ಬೀದಳ್ಳಿಯಿಂದ ಹೋಗುವ ದಾರಿ ಇದಕ್ಕಿಂತ ಗಿಡ್ಡ. ಆದರೆ ಕಷ್ಟದ ದಾರಿಯಲ್ಲೇ ಹೋಗಬೇಕೆಂಬ ಹಟ ನಮ್ಮದಾಗಿತ್ತು.

ಕೆಲವು ವರ್ಷಗಳ ಕೆಳಗೆ ಒಂದು ಡಿಸೆಂಬರಿನಲ್ಲಿ ಹನ್ನೊಂದು ಮಂದಿ ಹೊರಟೆವು. ನಮ್ಮಲ್ಲಿ ಗಣಿತದ ಉಪಾಧ್ಯಾಯರೊಬ್ಬರು ಇದ್ದರು. ಮೃದು ಸ್ವಭಾವ, ಸ್ವಲ್ಪ ಸ್ಥೂಲ ಶರೀರ, ಬೆಟ್ಟದ ಅಭ್ಯಾಸವಿಲ್ಲ. ಹೊರಡುವಾಗ ಅವರ ಮನೆಯಾಕೆ ಬಾಗಿಲಿಗೆ ಬಂದು, “ಅವರು ನಿಧಾನಸ್ಥರು, ಬಿಟ್ಟು ಮುಂದೆ ಹೋಗಬೇಡಿ” ಎಂದು ಹೇಳಿದ್ದರು. ನಾವೆಲ್ಲರೂ ನಕ್ಕು ಮಾತು ಕೊಟ್ಟಿದ್ದೆವು.

ಕಾಡು ಹೊಕ್ಕ ಅರ್ಧ ಗಂಟೆಯಲ್ಲಿ ಗುಂಪು ಮೂರಾಯಿತು. ಬಲಿಷ್ಠರು ಪಂದ್ಯ ಕಟ್ಟಿದವರಂತೆ ಮುಂದೆ ಹೋದರು, ಮಾತುಗಾರರು ನಡುವೆ, ಹಾಡುಗಾರರು ಹಿಂದೆ. ಗಿರಿಗದ್ದೆಯನ್ನು ಮುಟ್ಟಿ, ಬುತ್ತಿಯ ಗಂಟು ಬಿಚ್ಚಿ, ಎಲೆಗಳನ್ನು ಹರವಿದಾಗ ಹತ್ತು ಎಲೆಗೆ ಹತ್ತು ಜನ ಕುಳಿತರು. ಹನ್ನೊಂದನೆಯ ಎಲೆ ಖಾಲಿ. ಉಪಾಧ್ಯಾಯರು ಹಿಂದಿರುವರೆಂದು ಮುಂದಿನವರೂ, ಮುಂದಿರುವರೆಂದು ಹಿಂದಿನವರೂ ತಿಳಿದಿದ್ದರು. ಕಿಸೆಯಲ್ಲಿದ್ದ ಮೊಬೈಲುಗಳು ಆ ಕಾಡಿನಲ್ಲಿ ಮೂಕವಾಗಿದ್ದವು. ಅದು ಆನೆಗಳಿರುವ ಕಾಡೆಂಬುದೂ ಅದೇ ಹೊತ್ತಿನಲ್ಲಿ ನಮ್ಮೆಲ್ಲರ ನೆನಪಿಗೆ ಬಂದಿತು. ಒಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ನಾಲ್ವರು ಕೆಳಗಿಳಿದೆವು. ಹೆಸರು ಹಿಡಿದು ಕೂಗಿದರೆ ಕಾಡು ನಮ್ಮ ಕೂಗನ್ನೇ ಹಿಂತಿರುಗಿ ಕೊಡುತ್ತಿತ್ತು. ಅವರು ಸಿಕ್ಕಿದುದು ಭೀಮನ ಬಂಡೆಯ ಬಳಿ. ಮೀನಖಂಡ ಸೆಟೆದು ನಡೆಯಲಾರದೆ, ಬಂಡೆಯ ಮರೆಯಲ್ಲಿ ಕಾಲು ನೀಡಿ ಕುಳಿತಿದ್ದರು. ಹಿಂದಿನ ಗುಂಪು ದಾಟಿಹೋಗುವಾಗ ಕರೆದಿದ್ದರಂತೆ; ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅವರ ನೀರಿನ ಬಾಟಲಿಯು ಭಾರ ಕಡಿಮೆಯಾಗಲೆಂದು ಯಾರೋ ಇಸಿದುಕೊಂಡವರ ಚೀಲದಲ್ಲಿತ್ತು. ಬಾಯಾರಿ ತುಟಿ ಒಣಗಿದ್ದ ಆ ಮನುಷ್ಯರು ನಮ್ಮನ್ನು ಬಯ್ಯಲಿಲ್ಲ. ನೀರು ಕುಡಿದು, ಸ್ವಲ್ಪ ಸುಧಾರಿಸಿಕೊಂಡು, “ನಾನಿಲ್ಲದೆಯೂ ನಿಮ್ಮ ಲೆಕ್ಕ ಸರಿಹೋಯಿತಲ್ಲಪ್ಪ!” ಎಂದರು. ಬಯ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಶಿಖರದ ಮಾತೆತ್ತದೆ ಎಲ್ಲರೂ ಹಿಂದಿರುಗಿದೆವು. ಅವರ ಮನೆಯ ಬಾಗಿಲಿಗೆ ಹೋಗುವ ಧೈರ್ಯ ನಮ್ಮಲ್ಲಿ ಯಾರಿಗೂ ಒಂದು ತಿಂಗಳವರೆಗೆ ಬರಲಿಲ್ಲ.

ಮತ್ತೆ ಹೋಗೋಣವೆಂದು ಎತ್ತಿದವರು ಉಪಾಧ್ಯಾಯರೇ. ಅಷ್ಟರಲ್ಲಿ ಕಾಲವೂ ಬದಲಾಗಿತ್ತು. ೨೦೨೪ರ ಜನವರಿಯ ರಜಾದಿನಗಳಲ್ಲಿ ಸಾವಿರಾರು ಮಂದಿ ಆ ಬೆಟ್ಟದಲ್ಲಿ ಒಮ್ಮೆಗೇ ನೆರೆದ ಚಿತ್ರಗಳನ್ನು ವಾಚಕರು ಕಂಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆಯು ಕೆಲಕಾಲ ದಾರಿಯನ್ನು ಮುಚ್ಚಿ, ಬಳಿಕ ಅಂತರ್ಜಾಲದ ಮೂಲಕ ಮುಂಗಡವಾಗಿ ಅನುಮತಿ ಪಡೆದವರಿಗೆ ಮಾತ್ರ, ಅದೂ ಮಿತವಾದ ಸಂಖ್ಯೆಯಲ್ಲಿ, ಪ್ರವೇಶವೆಂದು ಗೊತ್ತುಮಾಡಿತು. ಇದನ್ನು ತೊಡಕೆಂದು ಗೊಣಗುವವರುಂಟು, ನಾವು ಒಪ್ಪೆವು. ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದೂ ಉಂಟು. ಮಳೆಗಾಲದಲ್ಲಿ ಹೋದರೆ ಮಲೆನಾಡಿನವರು ಇಂಬಳವೆನ್ನುವ ಜಿಗಣೆಗಳು ಕಾಲನ್ನು ಬಿಡವು.

ಉಪಾಧ್ಯಾಯರು ಒಂದು ಹಳೆಯ ನೋಟುಬುಕ್ಕಿನಲ್ಲಿ ಏರ್ಪಾಡನ್ನು ಬರೆದರು. ಜನ ಏಳೇ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ. ಅವರನ್ನು ಯಾರೂ ದಾಟಕೂಡದು. ಕೊನೆಯವರು ಯಾರೆಂದು ಮೊದಲೇ ಗೊತ್ತಾಗಿ, ಅವರ ಕೊರಳಲ್ಲಿ ಒಂದು ಸಿಳ್ಳು. ತಲೆಗೆ ಮೂರು ಲೀಟರು ನೀರು, ಅವರವರ ಬೆನ್ನಮೇಲೆಯೇ. ಅವಲಕ್ಕಿ, ಬೆಲ್ಲ, ಚಪಾತಿ, ಕಿತ್ತಳೆಹಣ್ಣು, ಒಂದು ಪೊಟ್ಟಣ ಉಪ್ಪು. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೆ ಅಲ್ಲಿಂದಲೇ ಹಿಂದಕ್ಕೆ. ಈ ಕಡೆಯ ನಿಯಮವನ್ನು ಓದಿದಾಗ ನಮ್ಮ ಬ್ಯಾಂಕಿನ ಮಿತ್ರರು, “ಇದು ಬೆಟ್ಟವೋ ಪರೀಕ್ಷೆಯ ಕೊಠಡಿಯೋ?” ಎಂದು ಹಾಸ್ಯ ಮಾಡಿದರು.

ಬೆಳಗಿನ ಆರು ಗಂಟೆಗೆ ಹೊರಟೆವು. ಉಪಾಧ್ಯಾಯರೇ ಮುಂದೆ. ಆ ನಿಧಾನದಲ್ಲಿ, ಮೊದಲ ಸಲ ಕಾಣದಿದ್ದುದೆಲ್ಲವೂ ಕಂಡಿತು: ಬಂಡೆಯ ಮೇಲಿನ ಹಾವಸೆ, ಕಾಡು ಮುಗಿದೊಡನೆ ಮುಖಕ್ಕೆ ಬಡಿಯುವ ಗಾಳಿ, ಹುಲ್ಲಿನ ಮೇಲೆ ಓಡುವ ಮೋಡದ ನೆರಳು. ಭೀಮನ ಬಂಡೆಯಲ್ಲಿ ಏಳು ಜನ, ಗಿರಿಗದ್ದೆಯಲ್ಲಿ ಏಳು, ಕಲ್ಲುಮಂಟಪದಲ್ಲಿ ಏಳು. ಶೇಷಪರ್ವತವನ್ನು ಮುಟ್ಟಿದಾಗ ಗಂಟೆ ಹನ್ನೆರಡೂ ಮುಕ್ಕಾಲು. ಎದುರಿಗೇ ಕುಮಾರಪರ್ವತ! ಕೈ ಚಾಚಿದರೆ ಸಿಕ್ಕುವಂತಿತ್ತು. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರತೊಡಗಿತು. ಅಂಚೆಯ ಮಿತ್ರರು ಮಂಡಿ ಹಿಡಿದುಕೊಂಡು ಕುಳಿತರು.

ಉಪಾಧ್ಯಾಯರು ಗಡಿಯಾರ ನೋಡಿ, “ತಿರುಗೋಣ” ಎಂದರು.

“ಇನ್ನೊಂದು ಗಂಟೆಯ ದಾರಿ. ಮಂಡಿನೋವಿನವರು ಇಲ್ಲಿಯೇ ಕುಳಿತಿರಲಿ, ನಾವು ಹೋಗಿಬರೋಣ” ಎಂದರು ಬ್ಯಾಂಕಿನವರು.

“ಕುಳಿತಿರುವುದು ಹೇಗಿರುತ್ತದೆಂದು ನನಗೆ ಗೊತ್ತು” ಎಂದು ಉಪಾಧ್ಯಾಯರು ಚೀಲವನ್ನು ಹೆಗಲಿಗೇರಿಸಿದರು.

ಬ್ಯಾಂಕಿನವರು ಗಿರಿಗದ್ದೆಯವರೆಗೆ ಮಾತಾಡಲಿಲ್ಲ. ಕೊನೆಯ ಕಾಡಿನಲ್ಲಿ ಮಾತ್ರ ಅಂಚೆಯವರ ಚೀಲವನ್ನು ತಾವಾಗಿಯೇ ಇಸಿದುಕೊಂಡರು. ಅದರೊಳಗಿನ ನೀರಿನ ಬಾಟಲಿಯನ್ನು ಹೊರತೆಗೆದು ಅವರ ಕೈಗೇ ಕೊಟ್ಟುದನ್ನು ನಾವು ಕಂಡೆವು. ಕತ್ತಲೆ ಕವಿಯುವ ಹೊತ್ತಿಗೆ ಕೆಳಗಿದ್ದೆವು. ಮರುದಿನ ಕುಮಾರಧಾರೆಯಲ್ಲಿ ಮಿಂದು ಊರಿಗೆ ಬಂದು, ಈ ಸಲ ನೆಟ್ಟಗೆ ಉಪಾಧ್ಯಾಯರ ಮನೆಗೇ ಹೋದೆವು. ಅವರ ಮನೆಯಾಕೆ ಬಾಗಿಲಲ್ಲಿ ನಿಂತು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, “ಹೋದವರು ಎಷ್ಟು ಮಂದಿ?” ಎಂದರು.

“ಏಳು.”

“ಬಂದವರು?”

“ಏಳು.”

“ಬೆಟ್ಟದ ತುದಿ ಕಂಡಿರೋ?”

“ಎದುರಿಗೇ ಕಂಡೆವು, ಹತ್ತಲಿಲ್ಲ.”

“ಅದೆಲ್ಲಿಗೂ ಓಡಿಹೋಗುವುದಿಲ್ಲ. ಕೈಕಾಲು ತೊಳೆಯಿರಿ, ಎಲೆ ಹಾಕಿದೆ” ಎಂದು ಆಕೆ ಒಳಕ್ಕೆ ಹೋದರು.