ಕೂದಲೆಳೆಯಷ್ಟು ಗಾಳಿ

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಗ್ರಾಫಿಕ್ಸ್ ಚಿಪ್ಪಿನ ತಾಪ 90 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಫ್ಯಾನು ಹುಯಿಲೆಬ್ಬಿಸುತ್ತದೆ, ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಪರದೆಯ ಮೇಲಿನ ಚಿತ್ರ ತಡವರಿಸುತ್ತದೆ. ಧೂಳು ಹೊಡೆದದ್ದಾಯಿತು, ಕ್ಯಾಬಿನೆಟ್ಟಿನ ಬಾಗಿಲು ತೆಗೆದಿಟ್ಟದ್ದಾಯಿತು, ಗುಣ ಕಾಣಲಿಲ್ಲ. ಇಂಥ ಹೊತ್ತಿನಲ್ಲಿ ಹೀಟ್‌ಸಿಂಕಿನ ರೆಕ್ಕೆಗಳ ನಡುವಿನಿಂದ ಬರುವ ಗಾಳಿಗೆ ಕೈಯೊಡ್ಡಿ ನೋಡಬೇಕು. ಒಳಗೆ ಚಿಪ್ಪು ಸುಡುತ್ತಿದ್ದೂ ಹೊರಬರುವ ಗಾಳಿ ತಣ್ಣಗಿದ್ದರೆ, ಶಾಖ ಹೀಟ್‌ಸಿಂಕನ್ನು ಸರಿಯಾಗಿ ತಲುಪುತ್ತಿಲ್ಲ ಎಂದೇ ಅರ್ಥ. ರೆಕ್ಕೆಗೆ ಬಾರದ ಶಾಖವನ್ನು ಎಷ್ಟು ದೊಡ್ಡ ಫ್ಯಾನೂ ಊದಿ ಹೊರಹಾಕಲಾರದು. ಫ್ಯಾನು ಬದಲಿಸಿ, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹೊಸ ಥರ್ಮಲ್ ಪೇಸ್ಟ್ ಬಳಿದು ಸುಮ್ಮನಾಗುವವರು ಮರೆಯುವ ಒಂದು ಸಂಗತಿಯಿದೆ: ಸಡಿಲವಾದ ಹೀಟ್‌ಸಿಂಕಿಗೆ ಬೇಕಾದದ್ದು ಮೊದಲಿಗೆ ಒತ್ತಡ, ಪೇಸ್ಟು ಆಮೇಲಿನ ಮಾತು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 20 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚಿಪ್ಪೊಂದು 200 ವ್ಯಾಟ್ ಶಾಖ ಹೊರಬಿಡುತ್ತಿದೆ ಎಂದುಕೊಳ್ಳೋಣ. ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಅಳತೆಯಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400, ಸಾಧಾರಣ ಥರ್ಮಲ್ ಪೇಸ್ಟಿನದು 5 ಇದ್ದೀತು, ಗಾಳಿಯದು ಬರೀ 0.026. ಈ ಚಿಪ್ಪಿನ ಶಾಖ 3 ಮಿಲಿಮೀಟರ್ ದಪ್ಪದ ತಾಮ್ರದ ತುಂಡನ್ನು ದಾಟಲು 4 ಡಿಗ್ರಿಗಿಂತ ಕಡಿಮೆ ತಾಪವ್ಯತ್ಯಾಸ ಸಾಕು. 50 ಮೈಕ್ರಾನ್ ಪೇಸ್ಟು, ಅಂದರೆ ತೆಳು ಕೂದಲಿನಷ್ಟು ದಪ್ಪ, 5 ಡಿಗ್ರಿ ಕೇಳುತ್ತದೆ. ಅದೇ ಪೇಸ್ಟು ಅರ್ಧ ಮಿಲಿಮೀಟರ್ ಉಳಿದುಬಿಟ್ಟರೆ 50 ಡಿಗ್ರಿ. ಪೇಸ್ಟಿನ ಬದಲು ಆ 50 ಮೈಕ್ರಾನಿನಲ್ಲಿ ಪೂರ್ತಿ ಗಾಳಿಯೇ ತುಂಬಿದ್ದರೆ ಲೆಕ್ಕ 950 ಡಿಗ್ರಿ ದಾಟುತ್ತದೆ. ಅಲ್ಲಿಗೆ ಮುಟ್ಟುವ ಬಹಳ ಮೊದಲೇ ಕಾರ್ಡು ತಾನಾಗಿ ಆರಿಹೋಗಿರುತ್ತದೆ, ಅಷ್ಟೆ. ಕಣ್ಣಿಗೆ ಕನ್ನಡಿಯಂತೆ ಕಾಣುವ ಲೋಹದಲ್ಲೂ ಸೂಕ್ಷ್ಮ ಏರುತಗ್ಗುಗಳಿರುತ್ತವೆ. ಆ ತಗ್ಗುಗಳಲ್ಲಿನ ಗಾಳಿಯನ್ನು ಓಡಿಸುವುದಷ್ಟೇ ಪೇಸ್ಟಿನ ಕೆಲಸ. ಗಾಳಿಯ ಮುಂದೆ ಅದು ಇನ್ನೂರು ಪಾಲು ಮೇಲು, ತಾಮ್ರದ ಮುಂದೆ ಎಂಬತ್ತು ಪಾಲು ಕೀಳು. ಹಾಗಾಗಿ ಲೋಹ ಲೋಹವನ್ನು ಎಷ್ಟು ಹತ್ತಿರದಿಂದ ಒತ್ತಿದರೆ ಅಷ್ಟು ಒಳ್ಳೆಯದು.

ಪೇಸ್ಟು ಹೆಚ್ಚಾದರೆ ಪಕ್ಕಕ್ಕೆ ಜಾರಿ ಹೋಗುತ್ತದೆ, ಅದರಿಂದ ನಷ್ಟವೇನು ಎಂದು ಕೇಳುವವರಿದ್ದಾರೆ. ಹೀಟ್‌ಸಿಂಕು ಬಿಗಿಯಾಗಿ ಕೂತಿದ್ದರೆ ಅವರ ಮಾತು ಬಹುಮಟ್ಟಿಗೆ ಸರಿ. ಸ್ಪ್ರಿಂಗಿನ ಒತ್ತಡಕ್ಕೆ ಹೆಚ್ಚುವರಿ ಪೇಸ್ಟು ಅಂಚಿನಿಂದ ಹೊರಬರುತ್ತದೆ, ಅಂಥ ಪೇಸ್ಟು ವಿದ್ಯುತ್ ಹರಿಸದಿದ್ದರೆ ಅಪಾಯವೂ ಇಲ್ಲ. ಆದರೆ ನಾವು ಮಾತಾಡುತ್ತಿರುವುದು ಸಡಿಲವಾದದ್ದರ ಬಗ್ಗೆ. ಹಳೆಯ, ಅಗ್ಗದ ಕಾರ್ಡುಗಳಲ್ಲಿ ಹೀಟ್‌ಸಿಂಕನ್ನು ಹಿಡಿದಿರುವುದು ಕರ್ಣರೇಖೆಯ ಎರಡು ತುದಿಗಳಲ್ಲಿರುವ ಪ್ಲಾಸ್ಟಿಕ್ ಪಿನ್ನುಗಳು. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಒಂದು ಪಿನ್ನಿನ ಕೊಕ್ಕೆ ಮುರಿದರೆ ಹೀಟ್‌ಸಿಂಕು ಓರೆಯಾಗುತ್ತದೆ. ಬಿಚ್ಚಿ ನೋಡಿದರೆ ಸಾಕ್ಷ್ಯ ಕಣ್ಣೆದುರೇ ಇರುತ್ತದೆ: ಚಿಪ್ಪಿನ ಒಂದು ಮೂಲೆಯಲ್ಲಿ ಪೇಸ್ಟು ಕೆಳಗಿನ ಸಿಲಿಕಾನ್ ಕಾಣುವಷ್ಟು ತೆಳ್ಳಗೆ, ಎದುರಿನ ಮೂಲೆಯಲ್ಲಿ ದಪ್ಪಗೆ, ಒಣಗಿ ಬಿರುಕುಬಿಟ್ಟು. ಗುರುತ್ವಾಕರ್ಷಣೆಯೂ ನಮ್ಮ ಕಡೆಗಿಲ್ಲ. ನೆಟ್ಟಗೆ ನಿಲ್ಲಿಸಿದ ಸಾಮಾನ್ಯ ಕ್ಯಾಬಿನೆಟ್ಟಿನಲ್ಲಿ ಕಾರ್ಡು ಅಡ್ಡಲಾಗಿ, ಚಿಪ್ಪು ಕೆಳಮುಖವಾಗಿ ಇರುತ್ತದೆ. ಅಂದರೆ ಹೀಟ್‌ಸಿಂಕು ಚಿಪ್ಪಿನ ಮೇಲೆ ಕೂತಿಲ್ಲ, ಕೆಳಗೆ ನೇತಾಡುತ್ತಿದೆ. ಈ ಸ್ಥಿತಿಯಲ್ಲಿ ಪೇಸ್ಟು ಎಷ್ಟೇ ದುಬಾರಿಯದಾದರೂ ಬಿರುಕಿಗೆ ಮೆತ್ತಿದ ತೇಪೆಯಷ್ಟೆ.

ಹಾಗಾದರೆ ಅಂಟಿಸಿಯೇ ಬಿಡೋಣ, ನಾಲ್ಕು ಮೂಲೆಗೆ ಫೆವಿಕ್ವಿಕ್, ನಡುವೆ ಪೇಸ್ಟು ಎಂಬ ಉಪಾಯ ಬಹಳ ಜನರಿಗೆ ಹೊಳೆಯುತ್ತದೆ. ಉಪಾಯ ಪೂರ್ತಿ ಮೂರ್ಖತನದ್ದಲ್ಲ. ಮೆಮೊರಿ ಚಿಪ್ಪುಗಳ ಮೇಲಿನ ಪುಟ್ಟ ಹೀಟ್‌ಸಿಂಕುಗಳನ್ನು ಥರ್ಮಲ್ ಎಪಾಕ್ಸಿಯಿಂದಲೇ ಅಂಟಿಸುವುದುಂಟು. ಅಲ್ಲಿ ತೂಕವೂ ಕಡಿಮೆ, ಶಾಖವೂ ಕೆಲವೇ ವ್ಯಾಟ್. ಮುಖ್ಯ ಚಿಪ್ಪಿನ ಕಥೆ ಬೇರೆ. ಅಂಟು ಹಿಡಿದಿಡುತ್ತದೆ, ಒತ್ತುವುದಿಲ್ಲ. ಬಿಸಿಯಾದಾಗ ತಾಮ್ರ ಸಿಲಿಕಾನಿಗಿಂತ ಆರು ಪಾಲಿಗೂ ಹೆಚ್ಚು ಹಿಗ್ಗುತ್ತದೆ. ತಾಪ 50 ಡಿಗ್ರಿ ಏರಿದರೆ 20 ಮಿಲಿಮೀಟರಿನ ಉದ್ದಕ್ಕೆ ಎರಡರ ನಡುವೆ ಸುಮಾರು 14 ಮೈಕ್ರಾನ್ ಅಂತರ ಹುಟ್ಟುತ್ತದೆ. ಕಂಪ್ಯೂಟರು ಹಚ್ಚಿ ಆರಿಸಿದಾಗಲೆಲ್ಲ ಈ ಎಳೆದಾಟ ನಡೆಯುತ್ತದೆ. ಪೇಸ್ಟು ಜಾರಿಕೊಂಡು ಹೊಂದಿಕೊಳ್ಳುತ್ತದೆ. ಗಟ್ಟಿಯಾಗಿ ಪೆಡಸಾದ ಸೂಪರ್ ಗ್ಲೂ ಸೀಳುತ್ತದೆ. ಸೀಳದೆ ಉಳಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಮುಂದೆ ಬಿಚ್ಚಬೇಕಾದಾಗ ಹೀಟ್‌ಸಿಂಕಿನ ಜೊತೆ ಚಿಪ್ಪೂ ಕಿತ್ತು ಬರಬಹುದು.

ಸರಿಯಾದ ದಾರಿಯೇನೂ ಕಷ್ಟದ್ದಲ್ಲ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಮುರಿದ ಪಿನ್ನಿನ ಜಾಗಕ್ಕೆ ಅದೇ ಅಳತೆಯ ಸ್ಪ್ರಿಂಗ್ ಪಿನ್ನು, ಇಲ್ಲವೇ ಬೋರ್ಡಿನ ತಾಮ್ರದ ಗೆರೆಗಳಿಗೆ ತಾಗದಂತೆ ನೈಲಾನ್ ವಾಷರ್ ಹಾಕಿದ ಸ್ಕ್ರೂ ಮತ್ತು ಸ್ಪ್ರಿಂಗ್ ಹಾಕಬಹುದು. ನಾಲ್ಕು ಸ್ಕ್ರೂಗಳಿದ್ದರೆ ಕಾರಿನ ಚಕ್ರದ ನಟ್ಟುಗಳಂತೆ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಬಹುತೇಕ ಗ್ರಾಫಿಕ್ಸ್ ಚಿಪ್ಪುಗಳ ಮೇಲೆ ಲೋಹದ ಮುಚ್ಚಳವಿರುವುದಿಲ್ಲ, ಒಂದೇ ಕಡೆ ಬಿಗಿದರೆ ಬರಿಯ ಸಿಲಿಕಾನಿನ ಮೂಲೆ ಚಕ್ಕೆ ಎದ್ದೀತು. ಒತ್ತಡ ಮುಖ್ಯ ಎಂದರೆ ಬಲಬಿಟ್ಟು ತಿರುಗಿಸಬೇಕೆಂದಲ್ಲ. ಒತ್ತುವ ಹೊಣೆ ಸ್ಪ್ರಿಂಗಿನದು. ಇನ್ನೊಂದು ಮೋಸ ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡುಗಳಲ್ಲಿದೆ. 1 ಮಿಲಿಮೀಟರಿನ ಪ್ಯಾಡಿದ್ದ ಕಡೆ 1.5ರದನ್ನು ಇಟ್ಟರೆ ಹೀಟ್‌ಸಿಂಕು ಪ್ಯಾಡಿನ ಮೇಲೆ ನಿಂತು ಮುಖ್ಯ ಚಿಪ್ಪನ್ನು ಸರಿಯಾಗಿ ಮುಟ್ಟದೆ ಹೋಗಬಹುದು. ಸ್ಕ್ರೂ ಪೂರ್ತಿ ಬಿಗಿಯಾಗಿದ್ದೂ ಒಳಗೆ ಸಂದು ಉಳಿದಿರುತ್ತದೆ. ಅನುಮಾನವಿದ್ದರೆ ಒಮ್ಮೆ ಕೂರಿಸಿ, ಮತ್ತೆ ಎತ್ತಿ ಪೇಸ್ಟಿನ ಅಚ್ಚು ಸಮನಾಗಿ ಬಿದ್ದಿದೆಯೇ ನೋಡಿ, ಒರೆಸಿ, ಹೊಸದಾಗಿ ಹಚ್ಚುವುದು ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ಪರದೆ 80 ಡಿಗ್ರಿ ತೋರಿಸುತ್ತದಲ್ಲ ಎಂಬ ದೂರು ಬೇಸಿಗೆಯಲ್ಲಿ ಕೇಳಿಬರುವುದು ಸಹಜ. ಬಿಗಿಯಾದ ಹೀಟ್‌ಸಿಂಕು ತಗ್ಗಿಸುವುದು ಚಿಪ್ಪಿಗೂ ಕೋಣೆಯ ಗಾಳಿಗೂ ನಡುವಿನ ಅಂತರವನ್ನು; ಕೋಣೆಯ ಬಿಸಿ ಅದರ ಕೈಯಲ್ಲಿಲ್ಲ. ಜನವರಿಯ ಬೆಂಗಳೂರಿನಲ್ಲಿ 25 ಡಿಗ್ರಿಯ ಕೋಣೆಯಲ್ಲಿ 65 ತೋರಿಸುವ ಕಾರ್ಡು, ಅದೇ ಆಟ, ಅದೇ ಫ್ಯಾನ್ ವೇಗದಲ್ಲಿ ಮೇ ತಿಂಗಳ ಕಲಬುರಗಿಯ 40 ಡಿಗ್ರಿಯ ಕೋಣೆಯಲ್ಲಿ 80ರ ಆಸುಪಾಸು ತೋರಿಸಿದರೆ ಕಾರ್ಡನ್ನು ಮತ್ತೆ ಬಿಚ್ಚಬೇಕಿಲ್ಲ. ಅಂತರ 40ರಿಂದ 60ಕ್ಕೆ ಏರಿದರೆ ಮಾತ್ರ ಸ್ಟಾರ್ ಸ್ಕ್ರೂಡ್ರೈವರ್ ಹುಡುಕಬೇಕು.