ಕೀಟ ನಿವಾರಣೆಯ ಗುತ್ತಿಗೆಯಲ್ಲಿ ಮೋಸಹೋಗದಿರುವ ಬಗೆ

ನವಲಗುಂದ ಮತ್ತು ಅಣ್ಣಿಗೇರಿ ತಾಲೂಕುಗಳ ಎರೆಭೂಮಿಯಲ್ಲಿ ಕಡಲೆ, ಹೆಸರು, ಹತ್ತಿ ಇವು ಮುಖ್ಯ ಪೀಕುಗಳು. ಕುಂದಗೋಳದ ಕಡೆಗೆ ಇವುಗಳ ಜೊತೆಗೆ ಮೆಣಸಿನಕಾಯಿಯೂ, ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಭತ್ತ, ಗೋವಿನಜೋಳ, ಸೋಯಾ ಅವರೆಗಳೂ ಬೆಳೆಯುತ್ತವೆ. ಈ ಪೀಕುಗಳಿಗೆ ಹೊಲದಲ್ಲಿ ಒಂದು ಬಗೆಯ ಹುಳದ ಕಾಟವಾದರೆ ಸಂಗ್ರಹದಲ್ಲಿ ಇನ್ನೊಂದು ಬಗೆಯದು. ಹಿಂದೆ ಔಷಧ ಹೊಡೆಯುವ ಕೆಲಸವನ್ನು ಒಕ್ಕಲಿಗನು ತನ್ನ ಆಳುಗಳಿಂದಲೇ ಮಾಡಿಸುತ್ತಿದ್ದನು. ಈಗ ಎಕರೆಗೆ ಇಷ್ಟೆಂದು ಗುತ್ತಿಗೆ ಹಿಡಿದು ಸಿಂಪಡಿಸುವವರು, ಡ್ರೋನ್ ಯಂತ್ರದವರು, ಗೋದಾಮಿನಲ್ಲಿ ಗುಳಿಗೆ ಇಡುವವರು, ಮನೆಯ ತೊಲೆ ಬಾಗಿಲುಗಳಿಗೆ ಗೆದ್ದಲಿನ ಔಷಧ ಹಾಕುವವರು ಊರೂರಿಗೆ ಬರುತ್ತಾರೆ. ಇವರಲ್ಲಿ ಪ್ರಾಮಾಣಿಕರೂ ತಿಳಿದವರೂ ಉಂಟು. ಆದರೆ ಪರವಾನಿಗೆಯಾಗಲಿ ಶಿಕ್ಷಣವಾಗಲಿ ಇಲ್ಲದೆ, ಹೆಸರಿಲ್ಲದ ಡಬ್ಬಿಯಲ್ಲಿ ಏನನ್ನೋ ತಂದು, ಮುಂಗಡ ಹಣ ಪಡೆದು ಮರೆಯಾಗುವವರೂ ಇವರ ಜೊತೆಗೇ ಬರುತ್ತಾರೆ. ಇಂಥವರನ್ನು ಗುರುತಿಸುವ ಬಗೆಯನ್ನು ಗ್ರಾಮದ ಹಿರಿಯರೂ ಭೂಮಾಲಕರೂ ತಿಳಿದಿರುವುದು ಅವಶ್ಯ.

ಮೋಸಕ್ಕೆ ಅವಕಾಶವಾಗುವ ಕಾರಣ

ಎತ್ತು ಕೊಳ್ಳುವವನು ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತಾನೆ. ಬೀಜ ಕೊಳ್ಳುವವನು ನೆನೆಹಾಕಿ ಮೊಳಕೆ ಎಣಿಸುತ್ತಾನೆ. ಕೀಟ ನಿವಾರಣೆಯ ಕೆಲಸವನ್ನು ಹೀಗೆ ಮೊದಲೇ ಪರೀಕ್ಷಿಸಲು ಬಾರದು. ಮಾಡಿದ ಮೇಲೆಯೂ ಕಣ್ಣಿಗೆ ಕಂಡ ಫಲವು ಔಷಧದ್ದೋ ನಿಸರ್ಗದ್ದೋ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಮೋಸಗಾರನ ಬಂಡವಾಳವು ಇದೇ.

ಉದಾಹರಣೆಗೆ, ಕಡಲೆಯ ಕಾಯಿಕೊರಕ ಕೀಡೆಯು ಎರಡು ಮೂರು ವಾರ ತಿಂದು ಬಲಿತ ಮೇಲೆ ತಾನಾಗಿಯೇ ಗಿಡದಿಂದಿಳಿದು ಮಣ್ಣಿನಲ್ಲಿ ಕೋಶವಾಗುತ್ತದೆ. ಆ ಹೊತ್ತಿಗೆ ಬರಿಯ ನೀರನ್ನು ಹೊಡೆದರೂ ಕೀಡೆಗಳು ಕಾಣದಂತಾಗುವವು. ಔಷಧ ಹೊಡೆದವನು ಅದು ತನ್ನ ಗುಣವೆಂದು ಹೇಳಿಕೊಳ್ಳುವನು. ಹತ್ತಿಯ ಗುಲಾಬಿ ಕಾಯಿಕೊರಕವು ಕಾಯಿಯ ಒಳಗೆ ಸೇರಿದ ಮೇಲೆ ಮೇಲಿನ ಸಿಂಪಡಣೆ ಅದಕ್ಕೆ ಮುಟ್ಟುವುದಿಲ್ಲ. ಆದರೂ ಅದನ್ನು ಕೊಲ್ಲುವೆನೆಂದು ಗುತ್ತಿಗೆ ಹಿಡಿಯುವವರುಂಟು. ಮೆಣಸಿನ ಗಿಡದ ಎಲೆ ಮುಟುರುವುದಕ್ಕೆ ಕಾರಣಗಳು ಬೇರೆ ಬೇರೆ. ಥ್ರಿಪ್ಸ್ ನುಶಿಯಿಂದಾದರೆ ಎಲೆ ಮೇಲ್ಮುಖವಾಗಿಯೂ, ಮೈಟ್ ನುಶಿಯಿಂದಾದರೆ ಕೆಳಮುಖವಾಗಿಯೂ ಮುದುಡುತ್ತದೆ. ನಂಜುರೋಗ ತಗಲಿದ ಗಿಡವನ್ನಂತೂ ಯಾವ ಔಷಧವೂ ಗುಣಪಡಿಸಲಾರದು. ಈ ಭೇದವನ್ನು ನೋಡದೆ ಎಲ್ಲಕ್ಕೂ ಒಂದೇ ಔಷಧ ಎಂಬವನ ಮಾತಿಗೆ ಬೆಲೆಯಿಲ್ಲ. ಮನೆಯ ಗೆದ್ದಲಿನ ಸಂಗತಿಯೂ ಹೀಗೆಯೇ. ಗೋಡೆಯ ಮೇಲಿನ ಮಣ್ಣಿನ ಸುರಂಗಗಳನ್ನು ಕೆಡವಿ ಏನನ್ನಾದರೂ ಸವರಿದರೆ ಕೆಲವು ವಾರ ಗೆದ್ದಲು ಕಾಣುವುದಿಲ್ಲ. ಗೂಡು ನೆಲದೊಳಗೆ ಹಾಗೆಯೇ ಉಳಿದು, ಇನ್ನೊಂದು ದಾರಿಯಿಂದ ಮೇಲೇರುತ್ತದೆ.

ಭಯವು ಹೆಚ್ಚಿದಾಗ ವಿಚಾರವು ಕಡಿಮೆಯಾಗುವುದು ಸಹಜ. 2021-22ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ಮೆಣಸಿನಕಾಯಿ ಪೀಕಿಗೆ ಹೊಸ ಜಾತಿಯ ಕಪ್ಪು ಥ್ರಿಪ್ಸ್ ನುಶಿ ಬಿದ್ದು, ಹೂವಿನೊಳಗೆ ಸೇರಿ ಹೂಗಳನ್ನು ಉದುರಿಸಿತು. ಇಂಥ ಸಂಕಟದ ಕಾಲದಲ್ಲಿಯೇ ಹೆಸರು ಕೇಳರಿಯದ ಔಷಧಗಳು ಹೆಚ್ಚಾಗಿ ಮಾರಾಟವಾಗುವವು.

ಕಾಯದೆಯು ಹೇಳುವುದೇನು

ಈ ವ್ಯವಹಾರವು 1968ರ ಕೀಟನಾಶಕ ಕಾಯದೆ ಮತ್ತು 1971ರ ನಿಯಮಗಳಿಗೆ ಒಳಪಟ್ಟಿದೆ. ಹಣಕ್ಕಾಗಿ ಮನೆ, ಗೋದಾಮು ಅಥವಾ ಜಮೀನಿನಲ್ಲಿ ಕೀಟನಾಶಕ ಪ್ರಯೋಗಿಸುವವನು, ಹೊಲದಲ್ಲಿ ಆಕಾಶಮಾರ್ಗದಿಂದ ಸಿಂಪಡಿಸುವವನು ಸಹ, ಪರವಾನಿಗೆ ಪಡೆದಿರತಕ್ಕದ್ದು. ಸ್ವಂತದ ಉಪಯೋಗಕ್ಕೆ ಮಾತ್ರ ಇದರಿಂದ ವಿನಾಯಿತಿ ಉಂಟು. ಕೀಟ ನಿವಾರಣೆಯ ಧಂದೆಯ ಪರವಾನಿಗೆಗೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರವುಳ್ಳ ವಿಜ್ಞಾನ ಪದವಿಯೂ, ಅದರ ಮೇಲೆ ಕನಿಷ್ಠ 15 ದಿನಗಳ ಶಿಕ್ಷಣದ ಪ್ರಮಾಣಪತ್ರವೂ ಬೇಕೆಂದು ನಿಯಮವಿದೆ. ಈ ಶಿಕ್ಷಣ ಕೊಡಲು ನಿಯಮದಲ್ಲಿ ಹೆಸರಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಒಂದು. ಡ್ರೋನ್ ನಡೆಸುವವನ ಬಳಿ ಇದಲ್ಲದೆ 2021ರ ಡ್ರೋನ್ ನಿಯಮಗಳ ಪ್ರಕಾರ ಪಡೆದ ಚಾಲಕನ ಪ್ರಮಾಣಪತ್ರವಿರತಕ್ಕದ್ದು.

ಗೋದಾಮಿನ ಗುಳಿಗೆ

ಧಾನ್ಯಕ್ಕೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಯದಲ್ಲಿ ಎರಡು ಪಟ್ಟು ಎಚ್ಚರಿಕೆ ಬೇಕು. 3 ಗ್ರಾಂ ತೂಕದ ಗುಳಿಗೆಯು ಗಾಳಿಯ ತೇವದಿಂದ ಕರಗಿ ಸುಮಾರು 1 ಗ್ರಾಂ ಫಾಸ್ಫೀನ್ ಎಂಬ ವಿಷವಾಯುವನ್ನು ಬಿಡುತ್ತದೆ. ಈ ವಾಯುವು ಮನುಷ್ಯನ ದೇಹಕ್ಕೆ ಸೇರಿದರೆ ಅದಕ್ಕೆ ಪ್ರತಿವಿಷವಿಲ್ಲ. ಆದಕಾರಣ ಇದನ್ನು ಸರಕಾರಿ ಸಂಸ್ಥೆಗಳಿಗೂ, ಸರಕಾರದ ತಜ್ಞರ ಅಥವಾ ಕೇಂದ್ರದ ಸಸ್ಯ ಸಂರಕ್ಷಣಾ ಸಲಹೆಗಾರರು ಒಪ್ಪಿದ ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿವಾರಕರಿಗೂ ಮಾತ್ರ ಮಾರತಕ್ಕದ್ದೆಂದು ನಿರ್ಬಂಧವಿದೆ. ಸಂತೆಯಲ್ಲಿ ಬಿಡಿ ಗುಳಿಗೆ ಮಾರುವವನೂ, ಜನರು ಮಲಗುವ ಮನೆಯೊಳಗಿನ ಕಾಳಿಗೆ ಅದನ್ನು ಇಡಲು ಒಪ್ಪುವವನೂ ಕಾಯದೆಗೆ ಹೊರಗಿನವರು, ಮನೆಯವರ ಪ್ರಾಣಕ್ಕೆ ಸಂಚಕಾರ ತರುವವರು.

ಮೋಸವಾಗುವ ಬಗೆಯೂ ಇಲ್ಲಿ ವಿಶೇಷವಾದುದು. ಕಡಲೆ, ಹೆಸರುಗಳ ದುಂಬಿಯು ಕಾಳಿನ ಮೇಲೆ ತತ್ತಿಯಿಡುತ್ತದೆ. ಮರಿಯು ಕಾಳಿನೊಳಗೇ ಬೆಳೆದು ಕೋಶವಾಗುತ್ತದೆ. ಬೆಚ್ಚನೆಯ ದಿನಗಳಲ್ಲಿ ಒಂದು ಸಂತತಿ ತಿಂಗಳೊಪ್ಪತ್ತಿನಲ್ಲಿ ಪೂರೈಸುತ್ತದೆ. ವಾಯುವಿಗೆ ಹಾರಾಡುವ ದುಂಬಿಗಳು ಬೇಗ ಸಾಯುತ್ತವೆ. ತತ್ತಿ ಮತ್ತು ಕೋಶಗಳು ಹೆಚ್ಚು ಹೊತ್ತು ತಾಳಿಕೊಳ್ಳುತ್ತವೆ. ಗಾಳಿಯಾಡದ ಹೊದಿಕೆಯನ್ನು ಬಿಗಿಯಾಗಿ ಮುಚ್ಚಿ, ಸಾಮಾನ್ಯವಾಗಿ 7 ದಿನ ಇಡುವುದು ಈ ಕಾರಣಕ್ಕಾಗಿ. ಗುಳಿಗೆ ಕಡಿಮೆ ಹಾಕಿ ಎರಡು ದಿನಕ್ಕೇ ಹೊದಿಕೆ ತೆಗೆದವನು ಸತ್ತ ದುಂಬಿಗಳ ರಾಶಿಯನ್ನು ತೋರಿಸಿ ಹಣ ಪಡೆಯುತ್ತಾನೆ. ತಿಂಗಳ ನಂತರ ಕಾಳೆಲ್ಲ ತೂತಾಗಿ ಪೇಟೆಯಲ್ಲಿ ಬೆಲೆ ಬೀಳುವಾಗ ಅವನು ಬೇರೆ ಜಿಲ್ಲೆಯಲ್ಲಿರುತ್ತಾನೆ.

ಡಬ್ಬಿಯ ಚೀಟಿ

ಪ್ರತಿಯೊಂದು ಕೀಟನಾಶಕದ ಡಬ್ಬಿಯ ಮೇಲೆ ತಯಾರಕನ ಹೆಸರು, ನೋಂದಣಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ತಾರೀಖುಗಳು, ನಿವ್ವಳ ಪ್ರಮಾಣ ಇವಿಷ್ಟೂ ಇರತಕ್ಕದ್ದು. ವಜ್ರಾಕೃತಿಯ ಗುರುತಿನ ಕೆಳಭಾಗದ ಬಣ್ಣವು ವಿಷದ ತೀವ್ರತೆಯನ್ನು ತೋರಿಸುತ್ತದೆ: ಕೆಂಪು ಅತ್ಯಂತ ಘೋರ; ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಕಡಿಮೆ. ‘ಸಾವಯವ’, ‘ಗಿಡಮೂಲಿಕೆಯದು’ ಎಂಬ ಮಾತಿನಿಂದ ಈ ನಿಯಮ ತಪ್ಪುವುದಿಲ್ಲ. ಹುಳ ಕೊಲ್ಲುವುದೆಂದು ಮಾರುವ ಔಷಧಕ್ಕೆ ನೋಂದಣಿ ಬೇಕೇ ಬೇಕು.

ಚೀಟಿಯ ಉಪಯೋಗ ಹಣದ ರಕ್ಷಣೆಗಷ್ಟೇ ಅಲ್ಲ. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದವರಲ್ಲಿ ಇಪ್ಪತ್ತು ಜನರಷ್ಟು ರೈತರೂ ಕೂಲಿಗಳೂ ವಿಷವೇರಿ ಮೃತಪಟ್ಟರು. ಸಿಂಪಡಿಸುವ ಆಳು ತಲೆಸುತ್ತಿ ಬಿದ್ದರೆ ವೈದ್ಯರು ಮೊದಲು ಕೇಳುವುದು ಡಬ್ಬಿಯನ್ನು. ಯಾವ ವಿಷವೆಂದು ತಿಳಿದರೆ ಮಾತ್ರ ತಕ್ಕ ಚಿಕಿತ್ಸೆ ಸಾಧ್ಯ. ಹೆಸರಿಲ್ಲದ ಡಬ್ಬಿಯು ಅಂಥ ಸಮಯದಲ್ಲಿ ಮೂಕಸಾಕ್ಷಿ.

ಕರಾರಿಗೆ ಮೊದಲು ಮಾಡತಕ್ಕ ಕೆಲಸಗಳು

1. ಪರವಾನಿಗೆಯ ಮೂಲಪ್ರತಿಯನ್ನು ನೋಡಿ ಹೆಸರು, ವಿಳಾಸ, ಸಂಖ್ಯೆಗಳನ್ನು ಬರೆದುಕೊಳ್ಳುವುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅದನ್ನು ವಿಚಾರಿಸುವುದು.

2. ಹುಳ ಬಿದ್ದ ಎಲೆ, ಕಾಯಿ ಅಥವಾ ಕಾಳನ್ನು ಮೊದಲು ಕೃಷಿ ಅಧಿಕಾರಿಗೆ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರಿಗೆ ತೋರಿಸುವುದು. ಔಷಧ ಮಾರುವವನೇ ರೋಗವನ್ನು ಹೆಸರಿಸುವಂತೆ ಬಿಡಬಾರದು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

3. ಯಾವ ಹುಳಕ್ಕೆ, ಯಾವ ಔಷಧ, ಎಕರೆಗೆ ಅಥವಾ ಟನ್ನಿಗೆ ಎಷ್ಟು, ಎಷ್ಟು ದಿನ ಎಂಬುದನ್ನು ಕಾಗದದಲ್ಲಿ ಬರೆಯಿಸುವುದು. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬಾರದು.

4. ಮುದ್ರೆ ಒಡೆಯದ ಡಬ್ಬಿಯನ್ನು ಯಜಮಾನನ ಇದಿರಿಗೇ ಒಡೆದು ಬೆರೆಸತಕ್ಕದ್ದು. ಬ್ಯಾಚ್ ಸಂಖ್ಯೆಯುಳ್ಳ ಪಾವತಿಯನ್ನು ಪಡೆಯತಕ್ಕದ್ದು. ಸಾಧ್ಯವಾದರೆ ಅದೇ ಬ್ಯಾಚಿನ ಒಂದು ಡಬ್ಬಿಯನ್ನು ಒಡೆಯದೆ ಇಟ್ಟುಕೊಳ್ಳುವುದು ಲೇಸು.

5. ಹೊಲದ ನಡುವೆ ನಾಲ್ಕಾರು ಸಾಲುಗಳಿಗೆ ಔಷಧ ಹೊಡೆಯದೆ ಬಿಟ್ಟು ಗುರುತು ಹಾಕುವುದು. ಹೊಡೆಯುವ ಮೊದಲೂ, ಮೂರು ದಿನದ ನಂತರವೂ ಎರಡೂ ಕಡೆಗೆ ಹತ್ತು ಹತ್ತು ಗಿಡಗಳ ಕೀಡೆಗಳನ್ನು ಎಣಿಸಬೇಕು. ಎರಡೂ ಕಡೆಗೆ ಒಂದೇ ಸಮನಾಗಿ ಕಡಿಮೆಯಾಗಿದ್ದರೆ ಅದು ನಿಸರ್ಗದ ಕೆಲಸ. ಹೊಡೆದ ಕಡೆಗೆ ಮಾತ್ರ ಕಡಿಮೆಯಾಗಿದ್ದರೆ ಔಷಧದ ಕೆಲಸ. ಮೇಲೆ ಹೇಳಿದ ಸಂದೇಹವನ್ನು ಖರ್ಚಿಲ್ಲದೆ ಪರಿಹರಿಸುವ ಉಪಾಯವಿದು. ಇದಕ್ಕೆ ಪ್ರಾಮಾಣಿಕನು ಬೇಡವೆನ್ನಲಾರನು. ಗೋದಾಮಿನಲ್ಲಾದರೆ ಹೊದಿಕೆ ತೆಗೆದ ದಿನವೇ ಬೇರೆ ಬೇರೆ ಚೀಲಗಳಿಂದ ಒಂದೊಂದು ಹಿಡಿ ಕಾಳು ತೆಗೆದು, ಸೀಸೆಯಲ್ಲಿ ಹಾಕಿ ಬಟ್ಟೆ ಕಟ್ಟಿ ಐದಾರು ವಾರ ಇಟ್ಟರೆ ಒಳಗಿನ ಹುಳ ಸತ್ತಿದೆಯೋ ಇಲ್ಲವೋ ತಿಳಿಯುವುದು. ಕೂಲಿಯ ಒಂದು ಭಾಗವನ್ನು ಅಲ್ಲಿಯವರೆಗೆ ತಡೆದಿಡುವಂತೆ ಕರಾರು ಮಾಡಿಕೊಳ್ಳಬೇಕು.

ಮೋಸವಾದಲ್ಲಿ

ತಡಮಾಡದೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡತಕ್ಕದ್ದು. ಕೀಟನಾಶಕ ಪರಿವೀಕ್ಷಕರು ಮಾಲಿನ ಮಾದರಿಯನ್ನು ಮೂರು ಭಾಗ ಮಾಡಿ ಮುದ್ರೆ ಹಾಕಿ, ಒಂದನ್ನು ಮಾಲು ಇದ್ದವನಿಗೂ, ಒಂದನ್ನು ಸರಕಾರಿ ಪ್ರಯೋಗಾಲಯಕ್ಕೂ ಕೊಟ್ಟು, ಇನ್ನೊಂದನ್ನು ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ವಿಶ್ಲೇಷಣೆಯ ವರದಿಯು 30 ದಿನಗಳಲ್ಲಿ ಬರತಕ್ಕದ್ದು. ಒಡೆದ ಡಬ್ಬಿಯ ಮಾಲು ಬಲವಾದ ಸಾಕ್ಷಿಯಾಗದ್ದರಿಂದ ಒಡೆಯದ ಡಬ್ಬಿಗೆ ಮಹತ್ವ. ನಷ್ಟ ಪರಿಹಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಪ್ರಕಾರ ಎರಡು ವರುಷದೊಳಗೆ ಜಿಲ್ಲಾ ಆಯೋಗದಲ್ಲಿ ಫಿರ್ಯಾದಿ ಮಾಡಬಹುದು. ರೈತನೂ ಗ್ರಾಹಕನೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಕಳಪೆ ಬೀಜದ ಪ್ರಕರಣವೊಂದರಲ್ಲಿ ಎತ್ತಿಹಿಡಿದಿದೆ. ಆದರೆ ಪಾವತಿಯೂ ಕರಾರೂ ಇಲ್ಲದವನಿಗೆ ಈ ದಾರಿಗಳು ಬಹಳ ಕಠಿಣ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ ಆಗಬಾರದು.

ಗ್ರಾಮದ ಹಿರಿಯರ ಕರ್ತವ್ಯ

ಸಣ್ಣ ಹಿಡುವಳಿಯ ರೈತನು ದೊಡ್ಡ ಹಿಡುವಳಿಯವನು ಮಾಡಿದುದನ್ನು ನೋಡಿ ನಡೆಯುತ್ತಾನೆ. ದೊಡ್ಡ ಭೂಮಾಲಕನ ಹೊಲದಲ್ಲಿ ಪರೀಕ್ಷೆಯಿಲ್ಲದೆ ಒಬ್ಬನು ಕಾಲಿಟ್ಟರೆ ಇಡೀ ಊರಿನ ಹೊಲಗಳು ಅವನಿಗೆ ತೆರೆದಂತೆಯೇ. ಆದುದರಿಂದ ಹೊರಗಿನಿಂದ ಬಂದ ಕೀಟ ನಿವಾರಕನು ಮೊದಲು ಗ್ರಾಮ ಪಂಚಾಯತಿಗೆ ಬಂದು ಪರವಾನಿಗೆ ತೋರಿಸಿ, ಹೆಸರು ಬರೆಯಿಸಿ, ಅನಂತರ ಕೆಲಸ ಹಿಡಿಯುವ ರೂಢಿಯನ್ನು ಹಿರಿಯರು ಊರಲ್ಲಿ ಹಾಕತಕ್ಕದ್ದು. ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಯಿಸಲು ಹಿಂಜರಿಯುವವನಿಗೆ ಹೊಲವನ್ನೂ ಗೋದಾಮನ್ನೂ ಒಪ್ಪಿಸಬಾರದು.